ಹಳೆಯ ಮರದ ದೋಣಿ ಸೋರುತ್ತಿದೆಯೇ? ಮೊದಲು ಹಳೆಯ ತೇಪೆಗಳನ್ನು ಪರೀಕ್ಷಿಸಿ

ಉಡುಪಿ, ಮಂಗಳೂರು ಕಡೆಯ ಅಳಿವೆಗಳಲ್ಲಿ ಇನ್ನೂ ಉಳಿದಿರುವ ಮರದ ದೋಣಿಗಳಲ್ಲಿ ತೇಪೆ ಇಲ್ಲದ್ದು ಸಿಗುವುದು ಅಪರೂಪ. ಉದ್ಯಾವರದ ಹೊಳೆಯ ದಂಡೆಯಲ್ಲಾಗಲಿ, ಕೋಡಿಬೆಂಗ್ರೆಯಲ್ಲಾಗಲಿ, ಗಂಗೊಳ್ಳಿಯಲ್ಲಾಗಲಿ ಹಳೆಯ ಪಾತಿ ದೋಣಿಯೊಂದನ್ನು ಮಗುಚಿ ನೋಡಿದರೆ ಸಾಮಾನ್ಯವಾಗಿ ಅದರ ಚರಿತ್ರೆ ಪದರ ಪದರವಾಗಿ ಕಾಣಿಸುತ್ತದೆ. ಅಡಿಯಲ್ಲಿ ಒಂದೇ ದಿಮ್ಮಿಯನ್ನು ಕೊರೆದ ಒಡಲು. ಅದರ ಮೇಲೆ ಕತ್ತದ ಹುರಿಯಿಂದ ಹೊಲಿದು ಏರಿಸಿದ ಹಲಗೆ. ಹೊಲಿಗೆ ಸಡಿಲಾದಲ್ಲಿ ಕಬ್ಬಿಣದ ಮೊಳೆ. ಮೊಳೆಯ ಸುತ್ತ ಸೋರತೊಡಗಿದಾಗ ಡಾಂಬರು ಬಳಿದು ಬಡಿದ ತಗಡು. ಎಲ್ಲದರ ಮೇಲೆ, ಇತ್ತೀಚಿನ ವರ್ಷಗಳಲ್ಲಿ, ಫೈಬರ್, ಅಂದರೆ ಗಾಜಿನ ನಾರಿಗೆ ರೆಸಿನ್ ಬಳಿದು ಗಟ್ಟಿಯಾಗಿಸಿದ ಹೊದಿಕೆ.

ಇಂಥ ದೋಣಿಯನ್ನು ಮತ್ತೆ ನೀರಿಗೆ ಇಳಿಸಲು ಹೊರಟವರು ಮೊದಲು ದೂರುವುದು ಮರವನ್ನು. ಮರ ಹಳೆಯದಾಯಿತು, ಇನ್ನು ಬಾಳುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹೆಬ್ಬಲಸಿನಂಥ ಮರ ವಯಸ್ಸಾದ ಮಾತ್ರಕ್ಕೆ ಕೆಡುವುದಿಲ್ಲ. ಒಳಗೆ ಸಿಕ್ಕಿಬಿದ್ದು ಹೊರಬರಲು ದಾರಿ ಕಾಣದ ನೀರು ಅದನ್ನು ಕೆಡಿಸುತ್ತದೆ. ಆ ನೀರನ್ನು ಹಿಡಿದಿಟ್ಟಿರುವುದು ಬಹುಪಾಲು ಹಿಂದಿನ ರಿಪೇರಿಯೇ. ಆದ್ದರಿಂದ ದೋಷ ಹುಡುಕುವಾಗ ಪ್ರತಿಯೊಂದು ತೇಪೆಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಒಳಹೊಕ್ಕ ನೀರನ್ನು ಇದು ಹೊರಗೆ ಬಿಡುತ್ತದೆಯೇ, ಇಲ್ಲವೇ?

ಉತ್ತರ ಸಿಗುವವರೆಗೆ ಏನನ್ನೂ ಕೀಳಬೇಡಿ. ತಗಡು ಕಿತ್ತು, ಡಾಂಬರು ಕೆರೆದು, ಅಡ್ಡಪಟ್ಟಿಗಳನ್ನು ಬಿಚ್ಚಿದ ಮೇಲೆ ಸೋರಿಕೆಯ ಗುರುತುಗಳೆಲ್ಲ ಅಳಿಸಿಹೋಗುತ್ತವೆ, ದೋಣಿಯ ಆಕಾರವೂ ಜಾರುತ್ತದೆ. ಮೊದಲ ಕೆಲಸ ಒಂದು ನೂಲು ಕಟ್ಟುವುದು. ಮುಂದಿನ ಮೂತಿಯ ನಡುವಿನಿಂದ ಹಿಂದಿನ ಮೂತಿಯ ನಡುವಿಗೆ ದಾರ ಬಿಗಿದು, ಮೂರು ನಾಲ್ಕು ಕಡೆ ತೂಗುಗುಂಡು ಇಳಿಬಿಟ್ಟು, ದಾರದಿಂದ ಎಡ ಮತ್ತು ಬಲ ಅಂಚಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ. ಎರಡೂ ಕಡೆ ಸಮನಾಗಿದ್ದರೆ ಒಡಲು ನೆಟ್ಟಗಿದೆ. ಒಂದು ಕಡೆ ತಿರುಚಿದ್ದರೆ ಆ ತಿರುಚೇ ಹಲಗೆಗಳ ಸಂದನ್ನು ಬಿಡಿಸುತ್ತಿರಬಹುದು. ಆಗ ಎಷ್ಟು ತೇಪೆ ಹಾಕಿದರೂ ನಿಲ್ಲುವುದಿಲ್ಲ. ಆಕಾರ ಸರಿಪಡಿಸಿ, ತಾತ್ಕಾಲಿಕ ಅಡ್ಡಪಟ್ಟಿ ಬಿಗಿದ ನಂತರವೇ ಉಳಿದದ್ದು.

ನೀರು ಯಾವಾಗ ಬರುತ್ತದೆ?

ಎಲ್ಲಿ ಸೋರುತ್ತದೆ ಎಂದು ಹುಡುಕುವ ಮೊದಲು ಯಾವಾಗ ಸೋರುತ್ತದೆ ಎಂದು ಗಮನಿಸಿದರೆ ಅರ್ಧ ಹುಡುಕಾಟ ಮುಗಿಯುತ್ತದೆ. ಬಹಳ ಕಾಲ ದಡದಲ್ಲಿ ಒಣಗಿದ ದೋಣಿ ನೀರಿಗೆ ಇಳಿಸಿದ ಕೂಡಲೇ ಸೋರುವುದು ಸಹಜ. ಹಲಗೆ ನೀರು ಕುಡಿದು ಉಬ್ಬಿದಂತೆ ಸಂದು ಮುಚ್ಚಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಸೋರುವುದು ಕಡಿಮೆಯಾಗುತ್ತಾ ಬಂದರೆ ಅದು ದೋಷವಲ್ಲ. ಮೂರನೆಯ ದಿನವೂ ಮೊದಲ ದಿನದಷ್ಟೇ ನೀರು ತೋಡಬೇಕಾಗಿ ಬಂದರೆ ತೂತು, ಬಿರುಕು ಅಥವಾ ಸತ್ತ ಮೊಳೆ ಇದೆ ಎಂದೇ ಅರ್ಥ.

ಖಾಲಿ ಇದ್ದಾಗ ಸೋರದೆ, ಇಬ್ಬರು ಹತ್ತಿ ಬಲೆ ಏರಿಸಿದಾಗ ಮಾತ್ರ ಸೋರಿದರೆ ಅಡಿಯನ್ನು ಶಂಕಿಸಬೇಡಿ. ಹೊರೆಯಿಂದ ನೀರಿನ ಮಟ್ಟ ಮೇಲಿನ ಹಲಗೆಯ ಸಂದನ್ನು ಮುಟ್ಟುತ್ತಿದೆ, ದೋಷ ಅಲ್ಲಿದೆ. ನಿಂತಾಗ ಸೋರದೆ, ಹುಟ್ಟು ಹಾಕುವಾಗ ಅಥವಾ ಗಳ ಊರಿ ನೂಕುವಾಗ ಸೋರಿದರೆ ಒಡಲು ಬಳುಕುತ್ತಿದೆ. ಪಕ್ಕೆಲುಬಿನ, ಅಂದರೆ ಒಡಲಿಗೆ ಒಳಗಿನಿಂದ ಬಿಗಿದ ಬಾಗಿದ ಮರದ, ಮೊಳೆ ಸಡಿಲವಾಗಿದೆ ಅಥವಾ ಹೊಲಿಗೆ ಸವೆದಿದೆ.

ದೋಣಿಯ ತಳದಲ್ಲಿ ನಿಂತ ನೀರು ಹೊಳೆಯದೋ ಮಳೆಯದೋ ಎಂಬ ಅನುಮಾನವೂ ಬರುತ್ತದೆ. ಬೇಸಿಗೆಯಲ್ಲಿ ಅಳಿವೆಯ ನೀರು ಉಪ್ಪು. ತಳದ ನೀರಿನ ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಬಿಸಿಲಿಗೆ ಇಡಿ. ಒಣಗಿದ ಮೇಲೆ ದಟ್ಟವಾದ ಬಿಳಿ ಉಪ್ಪು ಉಳಿದರೆ ನೀರು ಕೆಳಗಿನಿಂದ ಬಂದಿದೆ. ಹೆಚ್ಚೇನೂ ಉಳಿಯದಿದ್ದರೆ ಮೇಲಿನಿಂದ ಬಿದ್ದದ್ದು. ಮಳೆಗಾಲದಲ್ಲಿ ಸುವರ್ಣಾ, ಸೀತಾ, ನೇತ್ರಾವತಿಗಳ ಪ್ರವಾಹ ಅಳಿವೆಯನ್ನೇ ಸಿಹಿ ಮಾಡಿಬಿಡುವುದರಿಂದ ಆಗ ಈ ಪರೀಕ್ಷೆ ನಡೆಯದು.

ಅರಿಶಿನ ಮತ್ತು ಸುಣ್ಣ

ಒಳಗೆ ಒದ್ದೆ ಕಾಣುವ ಜಾಗವೇ ತೂತಿನ ಜಾಗ ಎಂದು ನಂಬಬಾರದು. ಹೊರಗೆ ಒಂದು ಕಡೆ ಹೊಕ್ಕ ನೀರು ಹಲಗೆಯ ಸಂದಿನಲ್ಲಿ ಹರಿದು ಒಂದು ಮೊಳ ಆಚೆ ಕಾಣಿಸಿಕೊಳ್ಳಬಹುದು. ಹಾಗಾಗಿ ದೋಣಿಯನ್ನು ದಡಕ್ಕೆ ಎತ್ತಿ, ಒಳಗೆ ನೀರು ತುಂಬಿ, ಹೊರಗಿನಿಂದ ನೋಡಬೇಕು.

ತುಂಬುವಾಗ ಎಚ್ಚರ ಬೇಕು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಎರಡು ಕಲ್ಲುಗಳ ಮೇಲೆ ಎರಡು ತುದಿ ಇಟ್ಟು ನೀರು ತುಂಬಿದರೆ ಹಳೆಯ ಒಡಲು ನಡುವೆಯೇ ಸೀಳಬಹುದು. ಉದ್ದಕ್ಕೂ ಹಲವು ಕಡೆ ಮುರಕಲ್ಲು, ಅದರ ಮೇಲೆ ಮರಳಿನ ಚೀಲ ಇಟ್ಟು ಭಾರ ಹಂಚಿ, ನೀರನ್ನು ಒಂದು ಗೇಣಿಗಿಂತ ಮೇಲೆ ಏರಿಸದೆ ಪರೀಕ್ಷಿಸಿ. ಮೇಲಿನ ಸಂದುಗಳನ್ನು ನೋಡಬೇಕಿದ್ದರೆ ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಆ ಕಡೆಗೆ ಅಷ್ಟೇ ನೀರು ಹಾಕಿದರೆ ಸಾಕು.

ಇಲ್ಲಿ ಪ್ರತಿ ಮನೆಯಲ್ಲೂ ಇರುವ ಎರಡು ವಸ್ತುಗಳು ಬಹಳ ನೆರವಾಗುತ್ತವೆ. ಹೊರಮೈಯನ್ನು ತೊಳೆದು ಒಣಗಿಸಿ, ಅದೇ ದಿನ ಕಲಸಿದ ಸುಣ್ಣವನ್ನು ತೆಳ್ಳಗೆ ಬಳಿಯಿರಿ. ಸುಣ್ಣ ಆರಿದ ಕೂಡಲೇ ಒಳಗೆ ಅರಿಶಿನ ಕದಡಿದ ನೀರು ಹಾಕಿ. ಸಣ್ಣ ಜಿನುಗು ಇದ್ದಲ್ಲಿ ಬಿಳಿ ಸುಣ್ಣ ಬೂದುಬಣ್ಣಕ್ಕೆ ತಿರುಗಿ ಒದ್ದೆಯ ಗೆರೆ ಮೂಡುತ್ತದೆ. ನೀರು ಸಲೀಸಾಗಿ ಹರಿದು ಬರುವಷ್ಟು ದೊಡ್ಡ ದಾರಿ ಇದ್ದಲ್ಲಿ ಅರಿಶಿನ ಸುಣ್ಣಕ್ಕೆ ತಾಗಿ, ಆರತಿಯ ನೀರಿನಂತೆ ಕೆಂಪಾಗುತ್ತದೆ. ಬಿಳಿಯ ಮೇಲೆ ಆ ಕೆಂಪು ಕಣ್ಣಿಗೆ ಹೊಡೆದು ಕಾಣುತ್ತದೆ. ಜಿನುಗುವ ಜಾಗವನ್ನೂ ಹರಿಯುವ ಜಾಗವನ್ನೂ ಬೇರೆ ಬೇರೆಯಾಗಿ ತೋರಿಸಿಕೊಡುವುದು ಈ ಪರೀಕ್ಷೆಯ ದೊಡ್ಡ ಲಾಭ. ಜಿನುಗುವುದನ್ನು ಹತ್ತಿ ಮತ್ತು ರಾಳ ನೋಡಿಕೊಳ್ಳುತ್ತವೆ. ಹರಿಯುವುದಕ್ಕೆ ಮರದ ಕೆಲಸ ಬೇಕು. ಸುಣ್ಣ ಹಳೆಯದಾದರೆ ಖಾರ ಕಳೆದುಕೊಂಡು ಬಣ್ಣ ಸರಿಯಾಗಿ ಏರುವುದಿಲ್ಲ, ಆದ್ದರಿಂದ ಮರುದಿನಕ್ಕೆ ಬಿಡಬೇಡಿ. ಫೋಟೊ ತೆಗೆದು, ಮೇಣದ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಸುಣ್ಣವನ್ನು ಪೂರ್ತಿ ತೊಳೆದುಬಿಡಿ.

ತಗಡು, ಸಿಮೆಂಟು, ಫೈಬರ್

ಗುರುತುಗಳು ಬಹುಪಾಲು ತೇಪೆಯ ಅಂಚಿನಲ್ಲೇ ಬೀಳುತ್ತವೆ. ನಡುವೆ ಬೀಳುವುದು ಕಡಿಮೆ. ತೇಪೆಯ ಕೆಳಗೆ ನಡೆದಿರುವುದನ್ನು ತೆರೆಯದೆಯೇ ತಿಳಿಯಲು ತಟ್ಟಿ ನೋಡಬೇಕು. ಸಣ್ಣ ಕೊಡತಿ ಅಥವಾ ದಪ್ಪ ನಾಣ್ಯದಿಂದ ಅಂಗುಲ ಅಂಗುಲ ತಟ್ಟುತ್ತಾ ಹೋಗಿ. ಗಟ್ಟಿ ಮರಕ್ಕೆ ಅಂಟಿಕೊಂಡಿರುವಲ್ಲಿ ಸದ್ದು ಚುರುಕು. ಬಿಟ್ಟುಕೊಂಡಿರುವಲ್ಲಿ ಡೊಳ್ಳು. ಒಳಗೆ ನೀರು ನಿಂತಿರುವಲ್ಲಿ ಸದ್ದೇ ಸತ್ತುಹೋಗುತ್ತದೆ. ಈ ಮೂರನ್ನೂ ಸೀಮೆಸುಣ್ಣದಿಂದ ಮೈಮೇಲೆಯೇ ಬರೆದು ಗಡಿ ಎಳೆಯಿರಿ. ಸತ್ತ ಸದ್ದಿನ ವಲಯದ ಅತಿ ತಗ್ಗಾದ ಬಿಂದುವಿನಲ್ಲಿ 4 ಮಿ.ಮೀ. ಡ್ರಿಲ್ ಹಾಕಿ, ಫೈಬರ್ ದಾಟಿದ ಕೂಡಲೇ ನಿಲ್ಲಿಸಿ. ಕಂದು ಬಣ್ಣದ ನೀರು ತೊಟ್ಟಿಕ್ಕಿದರೆ ರೋಗ ಪತ್ತೆಯಾಯಿತು.

ಕೆಮ್ಮಣ್ಣಿನ ಕಡೆ ನಾನು ಹತ್ತಿರದಿಂದ ನೋಡಿದ ಒಂದು ದೋಣಿಯಲ್ಲಿ ಹೀಗೆಯೇ ಆಯಿತು. ಮೇಲೆ ಹಸಿರು ಬಣ್ಣ ಬಳಿದ ಫೈಬರ್, ನೋಡಲು ಹೊಸದರಂತಿತ್ತು. ತೂತು ಕೊರೆದಾಗ ಚಹಾ ಬಣ್ಣದ ನೀರು ಹನಿಯತೊಡಗಿ ಸಂಜೆಯಾದರೂ ನಿಲ್ಲಲಿಲ್ಲ. ಬಿಡಿಸಿ ನೋಡಿದರೆ ಫೈಬರಿನ ಕೆಳಗೆ ತಗಡು. ತಗಡಿನ ಕೆಳಗೆ ಡಾಂಬರಿನಲ್ಲಿ ಅದ್ದಿದ ಗೋಣಿ. ಅದರ ಕೆಳಗೆ ಸಿಮೆಂಟು. ಸಿಮೆಂಟಿನ ಕೆಳಗೆ ಮೊದಲಿನ ಕತ್ತದ ಹೊಲಿಗೆ. ಸಿಮೆಂಟು ಮುಚ್ಚಿದ ನಾಲ್ಕು ಹೊಲಿಗೆಗಳು ಬೆರಳಿಗೆ ಹುಡಿಯಾಗಿ ಬಂದವು. ಅದೇ ಸಾಲಿನಲ್ಲಿ, ಸಿಮೆಂಟು ತಲುಪದ ಐದನೆಯ ಹೊಲಿಗೆಯನ್ನು ಉಳಿಯ ತುದಿಯಿಂದ ಎಬ್ಬಿಸಲೂ ಆಗಲಿಲ್ಲ. ಅಷ್ಟು ಬಿಗಿ. ಹುರಿ ಒಂದೇ, ಮರ ಒಂದೇ, ಹೊಲಿದ ಕೈಯೂ ಒಂದೇ. ವ್ಯತ್ಯಾಸ ಮಾಡಿದ್ದು ಮೇಲಿನ ಮುಚ್ಚಳ.

ಕಾರಣ ಸರಳ. ಮರ ತನ್ನ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಅಲುಗುವುದಿಲ್ಲ. 200 ಮಿ.ಮೀ. ಅಗಲದ ಹಲಗೆ ಶೇ 2ರಷ್ಟು ಉಬ್ಬಿದರೂ 4 ಮಿ.ಮೀ. ಸರಿಯುತ್ತದೆ. ಸಿಮೆಂಟಾಗಲಿ ಗಟ್ಟಿಯಾದ ಫೈಬರಾಗಲಿ ಅದರ ಜೊತೆ ಸರಿಯಲಾರದು. ಅಂಚಿನಲ್ಲಿ ಕೂದಲೆಳೆಯಷ್ಟು ಬಿಡುತ್ತದೆ. ಅಲ್ಲಿಂದ ನೀರು ಒಳಹೋಗುವುದು ಸುಲಭ, ಆರಿ ಹೋಗುವುದು ಕಷ್ಟ. ಮೀನೆಣ್ಣೆಯನ್ನೋ ಗೇರು ಸಿಪ್ಪೆಯ ಎಣ್ಣೆಯನ್ನೋ ವರ್ಷಗಳ ಕಾಲ ಕುಡಿದ ಮರಕ್ಕೆ ಫೈಬರ್ ಮೊದಲ ದಿನವೂ ಸರಿಯಾಗಿ ಹಿಡಿದಿರುವುದಿಲ್ಲ.

ಫೈಬರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿಗೆ ಫೈಬರ್ ಹೊದಿಸುವ ವಿಧಾನವನ್ನೇ ರೂಪಿಸಿದೆ. ಆದರೆ ಅದು ಹೊಸ ಮರಕ್ಕೆ, ಮೊದಲಿನಿಂದಲೇ ಆ ಹೊದಿಕೆಗೆಂದು ಸಿದ್ಧಪಡಿಸಿದ ಒಡಲಿಗೆ ಮಾಡಿದ ಕೆಲಸ. ಎಣ್ಣೆ ಕುಡಿದ, ಅರ್ಧ ಒದ್ದೆಯಾದ, ನೂರು ಮೊಳೆಗಳ ಹಳೆಯ ದೋಣಿಗೆ ಅದನ್ನು ಹೊದಿಸುವುದು ಗಾಯ ತೊಳೆಯದೆ ಬ್ಯಾಂಡೇಜು ಕಟ್ಟುವ ಕೆಲಸ.

ಮೊಳೆಗಳು

ಡಾಂಬರಿನ ಕೆಳಗೆ ಮುಚ್ಚಿಹೋದ ಕಬ್ಬಿಣದ ಮೊಳೆಗಳನ್ನು ಹಳೆಯ ಸ್ಪೀಕರಿನ ಅಯಸ್ಕಾಂತದಿಂದ ಹುಡುಕಬಹುದು. ದಾರಕ್ಕೆ ಕಟ್ಟಿ ಮೈಗೆ ತಾಗಿಸುತ್ತಾ ಹೋದರೆ ಮೊಳೆ ಇದ್ದಲ್ಲಿ ಎಳೆಯುತ್ತದೆ. ತಾಮ್ರದ ಮೊಳೆಗೆ ಎಳೆಯುವುದಿಲ್ಲ.

ಮೊಳೆಯ ತಲೆ ಗಟ್ಟಿಯಾಗಿ ಕಂಡರೆ ಸಮಾಧಾನಪಡಬೇಡಿ. ಮೊಳೆ ಸವೆಯುವುದು ಎರಡು ಹಲಗೆಗಳು ಸೇರುವಲ್ಲಿ, ನೀರು ಓಡಾಡುವ ಆ ಸಂದಿನಲ್ಲಿ. ಅನುಮಾನವಿದ್ದಲ್ಲಿ ಒಂದೇ ಒಂದು ಮೊಳೆಯನ್ನು ಕಿತ್ತು ನೋಡಿ. ತಲೆಯೂ ತುದಿಯೂ ದಪ್ಪಗಿದ್ದು ನಡು ಮಾತ್ರ ಕಡ್ಡಿಯಂತೆ ತೆಳುವಾಗಿದ್ದರೆ ಆ ಸಾಲಿನ ಉಳಿದ ಮೊಳೆಗಳ ಗತಿಯೂ ಅದೇ ಎಂದು ಎಣಿಸಬೇಕು. ಮೊಳೆಯ ಸುತ್ತಲಿನ ಮರ ಇದ್ದಿಲಿನಂತೆ ಕಪ್ಪಾಗಿ ಮೆತ್ತಗಾಗಿದ್ದರೆ ಅದು ಕೊಳೆತವಲ್ಲ. ಕಬ್ಬಿಣದ ತುಕ್ಕು ಉಪ್ಪುನೀರಿನ ಜೊತೆ ಸೇರಿ ಮರದ ನಾರನ್ನು ತಿಂದಿದೆ. ಅದೇ ತೂತಿಗೆ ಇನ್ನೂ ದಪ್ಪ ಮೊಳೆ ಹೊಡೆಯುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ. ಮೆತ್ತಗಾದ ಮರವನ್ನು ಗಟ್ಟಿ ಮರ ಸಿಗುವವರೆಗೆ ಕೊರೆದು ತೆಗೆದು, ಅದೇ ಜಾತಿಯ ಮರದ ಬೆಣೆ ಬಡಿದು, ಹೊಸ ಮೊಳೆಯನ್ನು ಪಕ್ಕದಲ್ಲಿ ಹಾಕಿ. ತಾಮ್ರ ಹಾಕುವುದಾದರೆ ಆ ಸಾಲಿನಲ್ಲಿ ಕಬ್ಬಿಣ ಉಳಿಸಬೇಡಿ. ಉಪ್ಪುನೀರಿನಲ್ಲಿ ಎರಡೂ ಜೊತೆಯಾದರೆ ಕಬ್ಬಿಣ ಬೇಗ ಕರಗುತ್ತದೆ.

ತೂತಿನಿಂದ ಉದುರುವುದು ಏನು?

ಮರ ತಿನ್ನುವವರು ನಾಲ್ಕು ಬಗೆ. ನಾಲ್ವರಿಗೂ ಮದ್ದು ಬೇರೆ ಬೇರೆ. ಯಾರೆಂದು ತಿಳಿಯಲು ತೂತಿನ ಕೆಳಗೆ ಹಾಳೆ ಹಿಡಿದು ಕೊಡತಿಯಿಂದ ತಟ್ಟಬೇಕು. ಒಣ ಮಣ್ಣು ಉದುರಿದರೆ ಗೆದ್ದಲು. ದೋಣಿ ತೆಂಗಿನ ತೋಟದಲ್ಲಿ ನೆಲಕ್ಕೆ ತಾಗಿ ಮಲಗಿದ್ದಾಗ ಹತ್ತಿದ್ದು. ನೆಲದಿಂದ ಎತ್ತಿದರೆ ಅದರ ದಾರಿ ಕಡಿಯುತ್ತದೆ. ಹಿಟ್ಟಿನಂಥ ನಯವಾದ ಹುಡಿ ಉದುರಿದರೆ ಒಣಮರದ ಕುಟ್ಟೆಹುಳು. ಏನೂ ಉದುರದೆ ಮರವೇ ಕಂದು ಬಣ್ಣದ ಚೌಕ ತುಣುಕುಗಳಾಗಿ ಒಡೆದು ಬಂದರೆ ಶಿಲೀಂಧ್ರದ ಕೊಳೆತ.

ನಾಲ್ಕನೆಯದು ನೀರಿನೊಳಗಿನ ಶತ್ರು, ಟೆರೆಡೊ. ಹುಳು ಎಂದು ಕರೆದರೂ ಇದು ಚಿಪ್ಪಿನ ಜೀವಿ, ನಾವು ಸಾರು ಮಾಡುವ ಮರುವಾಯಿಯ ದೂರದ ನೆಂಟ. ಮರಿಯಾಗಿದ್ದಾಗ ಹೊಗುವುದರಿಂದ ಹೊರಗಿನ ತೂತು ಗುಂಡುಸೂಜಿಯ ತಲೆಯಷ್ಟೇ ಇರುತ್ತದೆ. ಒಳಗೆ ಬೆಳೆಯುತ್ತಾ ಮರದ ಎಳೆಯ ಗುಂಟ ಬೆರಳು ಗಾತ್ರದ ಸುರಂಗ ಕೊರೆದು, ಅದರ ಗೋಡೆಗೆ ಸುಣ್ಣ ಬಳಿದುಕೊಳ್ಳುತ್ತದೆ. ಬಿಳಿ ಸುಣ್ಣದ ಚೂರು ಉದುರಿದರೆ ಅದು ಇದೇ. ಹೊರಮೈ ಅಖಂಡವಾಗಿ ಕಾಣುತ್ತಿದ್ದಂತೆ ಒಳಗೆ ಜೇನುಹಟ್ಟಿನಂತಾಗಿರಬಹುದು, ಆದ್ದರಿಂದ ಕಣ್ಣನ್ನು ನಂಬದೆ ತಟ್ಟಿ ನೋಡಲೇಬೇಕು. ಇದಕ್ಕೆ ಉಪ್ಪುನೀರು ಬೇಕು, ಸಿಹಿನೀರಿನಲ್ಲಿ ಸಾಯುತ್ತದೆ. ಮಳೆ ನಿಂತು ಅಳಿವೆಗೆ ಮತ್ತೆ ಉಪ್ಪು ಏರಿದ ಮೇಲೆ ಅದರ ಕಾಟ. ದೋಣಿಯನ್ನು ಕೆಲವು ವಾರ ದಡದಲ್ಲಿಟ್ಟರೆ ಇದ್ದವು ಸಾಯುತ್ತವೆ. ಅಡಿಗೆ ಓಲೆಯ ಬೆಂಕಿ ತೋರಿಸುವ ಹಳೆಯ ಪದ್ಧತಿಯೂ ಇದೆ. ಆದರೆ ಡಾಂಬರು, ಫೈಬರ್, ಗೇರೆಣ್ಣೆ ಇರುವ ದೋಣಿಗೆ ಬೆಂಕಿ ತೋರಿಸಲೇಬಾರದು.

ಕೊಳೆತ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಗೋಣಿ ಹೊಲಿಯುವ ದಬ್ಬಣ ಸಾಕು. ಎಳೆಗೆ ಅಡ್ಡವಾಗಿ ಚುಚ್ಚಿ ಮೀಟಿ. ಉದ್ದದ ಸಿಬಿರು ಎದ್ದು ಬಂದರೆ ಮರ ಜೀವಂತ. ಸದ್ದಿಲ್ಲದೆ ತುಂಡಾಗಿ ಬಂದರೆ ಅಲ್ಲಿಂದಾಚೆಗೂ ಹೋಗಿದೆ. ಅಡ್ಡಪಟ್ಟಿಯ ಬುಡ, ಎರಡೂ ಮೂತಿಗಳ ಒಳಮೂಲೆ, ಪಕ್ಕೆಲುಬಿನ ಅಡಿ: ಮಳೆನೀರು ನಿಲ್ಲುವ ಈ ಮೂರು ಕಡೆ ಮೊದಲು ಚುಚ್ಚಿ. ಕರಾವಳಿಯಲ್ಲಿ ದೋಣಿಯನ್ನು ಕೊಳೆಸುವುದು ಹೆಚ್ಚಾಗಿ ಮಳೆಯ ಸಿಹಿನೀರು, ಕಡಲ ಉಪ್ಪುನೀರಲ್ಲ.

ಬಿರುಕುಗಳು

ಒಣಗಿದಾಗ ಮೇಲ್ಮೈಯಲ್ಲಿ ಮೂಡುವ ಬಿರುಕಿಗೂ ಆರಪಾರ ಸೀಳಿದ ಬಿರುಕಿಗೂ ಬಹಳ ಅಂತರವಿದೆ. ತೆಳುವಾದ ಹ್ಯಾಕ್ಸಾ ಬ್ಲೇಡ್ ತೂರಿಸಿ ಆಳ ನೋಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಕೆಲವು ವಾರಗಳ ನಂತರ ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ.

ಏಪ್ರಿಲ್ ಬಿಸಿಲಿನಲ್ಲಿ ಬಾಯಿ ಬಿಟ್ಟ ಬಿರುಕಿಗೆ ಗಟ್ಟಿಯಾಗುವ ಯಾವುದನ್ನೂ ತುಂಬಬೇಡಿ, ಎಂ-ಸೀಲ್ ಆದರೂ ಸರಿ, ಸಿಮೆಂಟು ಆದರೂ ಸರಿ. ಜೂನ್‌ನಲ್ಲಿ ಮರ ಉಬ್ಬಿದಾಗ ಆ ಗಟ್ಟಿ ತುಣುಕು ಬೆಣೆಯಂತೆ ನಿಂತು ಸೀಳನ್ನು ಇನ್ನೂ ಉದ್ದ ಮಾಡುತ್ತದೆ. ಹಳೆಯ ದೋಣಿಯಲ್ಲಿ ತುಂಬಿದ ಬಿರುಕಿನ ತುದಿಯಿಂದ ಹೊಸ ಸೀಳು ಹೊರಟಿದ್ದರೆ ಕಾರಣ ಇದೇ. ಹತ್ತಿ ಅಥವಾ ಕತ್ತವನ್ನು ಸಡಿಲವಾಗಿ ತುಂಬಿ, ಎಣ್ಣೆಯಲ್ಲಿ ಕರಗಿಸಿದ ಧೂಪದ ಮರದ ರಾಳ ಹಾಕಿದರೆ ಅದು ಮರದ ಜೊತೆ ಸರಿಯುತ್ತದೆ.

ಒಣಗಿಸುವುದು, ಜೋಡಿಸುವುದು

ದೀಪಾವಳಿಯ ನಂತರ ಎತ್ತಿ, ಯುಗಾದಿಯೊಳಗೆ ಮರದ ಕೆಲಸ ಮುಗಿಸುವುದು ಇಲ್ಲಿನ ಹವೆಗೆ ಹೊಂದುತ್ತದೆ. ನೆರಳಿನಲ್ಲಿ, ಮುರಕಲ್ಲಿನ ಮೇಲೆ, ಮಡಲಿನ ಚಪ್ಪರದ ಕೆಳಗೆ ಒಣಗಲಿ. ನೇರ ಬಿಸಿಲು ಒಳ್ಳೆಯ ಮರವನ್ನೂ ಸೀಳುತ್ತದೆ. ಎಷ್ಟು ಒಣಗಿದೆ ಎಂದು ತಿಳಿಯಲು ತೆಗೆದುಹಾಕಬೇಕಾದ ಜಾಗದಿಂದ ಒಂದು ತುಂಡು ಕತ್ತರಿಸಿ ತೂಗಿ, ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 50 ಗ್ರಾಂ ಇದ್ದದ್ದು 40 ಆದರೆ ಕಳೆದ 10 ಗ್ರಾಂ ಒಣ ತೂಕದ ಕಾಲು ಭಾಗ, ಅಂದರೆ ತೇವ ಶೇ 25. ಶೇ 20 ದಾಟಿದಲ್ಲಿ ಕೊಳೆತ ಬದುಕುತ್ತದೆ. ಎಪಾಕ್ಸಿ ಅಂಟು ಬಳಸುವುದಾದರೆ ಶೇ 15ಕ್ಕಿಂತ ಕೆಳಗೆ ಬರುವವರೆಗೆ ಕಾಯಬೇಕು.

ಹೊಸ ತುಂಡು ಜೋಡಿಸುವಾಗ ಅದೇ ಜಾತಿಯ ಮರ, ಅದೇ ದಿಕ್ಕಿನ ಎಳೆ ಇರಲಿ. ತುದಿಗೆ ತುದಿ ಕೂಡಿಸದೆ, ದಪ್ಪದ ಎಂಟು ಪಟ್ಟು ಉದ್ದಕ್ಕೆ ಓರೆ ಕೆತ್ತಿ ಕೂಡಿಸಬೇಕು. 25 ಮಿ.ಮೀ. ಹಲಗೆಗೆ 200 ಮಿ.ಮೀ. ಓರೆ. ಗಟ್ಟಿಯಾಗಿರುವ ಹಳೆಯ ಹೊಲಿಗೆಯನ್ನು, ಚೆನ್ನಾಗಿ ಕೂತಿರುವ ಹಳೆಯ ತುಂಡನ್ನು ಅಂದಕ್ಕಾಗಿ ಕೀಳಬೇಡಿ. ಪರೀಕ್ಷೆಯಲ್ಲಿ ಗೆದ್ದ ರಿಪೇರಿ ದೋಣಿಯ ಭಾಗವೇ. ಅದನ್ನು ಮಾಡಿದ ಆಚಾರಿಯ ಕೈಗೆ ಆ ಗೌರವ ಸಲ್ಲಬೇಕು.

ಕೊನೆಗೆ ಗೇರು ಸಿಪ್ಪೆಯ ಎಣ್ಣೆ ಬಳಿಯುವಾಗ ಕೈಗವಸು ಕಡ್ಡಾಯ, ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ಅಂಟಿನ ಕೆಲಸವೆಲ್ಲ ಮುಗಿದ ಮೇಲೆಯೇ ಎಣ್ಣೆ, ಏಕೆಂದರೆ ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ.

ನೀರಿಗೆ ಇಳಿಸುವುದನ್ನು ಇಳಿತದ ಹೊತ್ತಿನಲ್ಲಿ, ಮೊಣಕಾಲುದ್ದ ನೀರಿರುವಲ್ಲಿ, ಹಗ್ಗ ಕಟ್ಟಿಯೇ ಮಾಡಿ. ಪ್ರತಿದಿನ ಒಂದೇ ಹೊತ್ತಿಗೆ ಅದೇ ಬಕೆಟಿನಿಂದ ನೀರು ತೋಡಿ ಎಷ್ಟು ಬಕೆಟ್ ಎಂದು ಬರೆದಿಡಿ. ಲೆಕ್ಕ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಹಾಗೆಯೇ ಬಿಡಿ. ಮೂರನೆಯ ದಿನಕ್ಕೂ ಇಳಿಯದಿದ್ದರೆ ಮತ್ತೆ ಎತ್ತಿ ಸುಣ್ಣ ಬಳಿಯಿರಿ. ಈ ಬಾರಿ ನಿಮ್ಮದೇ ಹೊಸ ಜೋಡಣೆಗಳ ಅಂಚಿನಿಂದ ನೋಡಲು ಶುರುಮಾಡಿ.